ಅಂಗಿಯ ಕಿಸೆಯಲ್ಲಿ ಉಳಿದ ಹತ್ತಿ

ಬಹರೈನಿನ ಮೀನಾ ಸಲ್ಮಾನ್ ಬಂದರಿನ ಬಳಿ ನಾನು ಕೆಲಸಕ್ಕಿದ್ದದ್ದು ತಕ್ಕಡಿ ರಿಪೇರಿಯ ಒಂದು ವರ್ಕ್‌ಶಾಪಿನಲ್ಲಿ. ಬಂದರಿನಲ್ಲಿ ಲಾರಿ ತೂಗುವ ಕಾಟಾದಿಂದ ಹಿಡಿದು ಚಿನ್ನದಂಗಡಿಯ ಪುಟ್ಟ ತ್ರಾಸಿನವರೆಗೆ ಎಲ್ಲವೂ ನಮ್ಮಲ್ಲಿಗೆ ಬರುತ್ತಿದ್ದವು. ಕುವೈತ್ ಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು. ಒಂದು ದಿನ ಬೆಳಿಗ್ಗೆ ಕಾಲಿನವರೆಗಿನ ಬಿಳಿ ಅರಬ್ಬಿ ನಿಲುವಂಗಿ, ತೋಬು ತೊಟ್ಟ ಎಪ್ಪತ್ತರ ಆಸುಪಾಸಿನ ಬಹರೈನಿ ಹಿರಿಯರೊಬ್ಬರು ಮರದ ಪೆಟ್ಟಿಗೆ ಹಿಡಿದುಕೊಂಡು ಬಂದರು. ಒಳಗೆ ಅಂಗೈಯಗಲದ ತ್ರಾಸು. ಮುಳ್ಳು ಒಂದೇ ಕಡೆ ವಾಲುತ್ತಿತ್ತು.

"ಇದರಲ್ಲಿ ಏನು ತೂಗುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದೆ.

"ಬಾರೂದು," ಎಂದರು ಅವರು, ಅಷ್ಟೇ ಸಲೀಸಾಗಿ, ಬೊಂಬಾಯಿಯ ಹಿಂದಿಯಲ್ಲಿ. ಕೋವಿಗೆ ತುಂಬುವ ಮದ್ದು.

ಅವರ ತಂದೆ ಮುತ್ತಿನ ವ್ಯಾಪಾರಿ. ಬೊಂಬಾಯಿಯಲ್ಲೂ ಮನೆ ಇತ್ತಂತೆ. ಇವರು ಬೆಳೆದದ್ದು ಅಲ್ಲೇ. ಆಮೇಲೆ ಬಹರೈನಿಗೆ ಬಂದು ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗುಗಳನ್ನು ದಾರಿ ತೋರಿಸಿ ಒಳಗೆ ತರುವ ಪೈಲಟ್ ಆಗಿ ನಿವೃತ್ತರಾಗಿದ್ದರು. ತಂದೆ ಯಾರೋ ಇಂಗ್ಲಿಷ್ ಶಿಕಾರಿಯಿಂದ ಕೊಂಡಿದ್ದ ಜೋಡಿ ನಳಿಗೆಯ ಕೋವಿಯೊಂದು ಇವರ ಪಾಲಿಗೆ ಬಂದಿತ್ತು. ನೂರು ವರ್ಷ ಹಳೆಯದು. ನನ್ನ ಹೆಬ್ಬೆರಳು ನಳಿಗೆಯೊಳಗೆ ಸಲೀಸಾಗಿ ಹೋಗುತ್ತಿತ್ತು. ಪರವಾನಗಿ ಇತ್ತು. ದಕ್ಷಿಣದ ಮರುಭೂಮಿಯಲ್ಲಿ ಪೊಲೀಸರ ಕಾವಲಿರುವ ಗುರಿ ಅಭ್ಯಾಸದ ಬಯಲಿನಲ್ಲಿ ತಿಂಗಳಿಗೊಮ್ಮೆ ಹೊಡೆಯಲು ಅವರಿಗೆ ಅನುಮತಿಯೂ ಇತ್ತು. ಎಲ್ಲರೂ ಅವರನ್ನು ಹಾಜಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ತ್ರಾಸು ಸರಿ ಮಾಡಿಕೊಟ್ಟೆ. ಅದು ಮನೆಯ ಮೇಜಿನ ಮೇಲೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಬರಬೇಕೆಂದರು. ಹಮದ್ ಟೌನ್‌ನಲ್ಲಿ ಮಗನ ಮನೆ. ಒಂದರಂತೆಯೇ ಇನ್ನೊಂದಿರುವ ಆ ರೌಂಡ್‌ಬೌಟುಗಳಲ್ಲಿ ಎರಡು ಸಲ ದಾರಿ ತಪ್ಪಿ ತಲುಪಿದೆ. ಅಂಗಳದ ಮೂಲೆಯ ಒಂದು ಕೋಣೆಯನ್ನು ಹಾಜಿ ತಮ್ಮ ಕಾರ್ಖಾನೆ ಮಾಡಿಕೊಂಡಿದ್ದರು. ಅವತ್ತು ಹೋದವನು ಮುಂದೆ ತಿಂಗಳಿಗೊಮ್ಮೆ ಹೋಗುವವನಾದೆ. ಸಲ್ಮಾನಿಯಾದ ನಮ್ಮ ಫ್ಲಾಟಿನಲ್ಲಿ ಹೆಂಡತಿಗೆ, "ಹಾಜಿಯವರಲ್ಲಿ ಮದ್ದು ತೂಗಲಿಕ್ಕೆ ಹೋಗ್ತೇನೆ" ಎಂದಾಗ ಅವಳು, "ಪಾಪ, ಎಂತ ಕಾಯಿಲೆ ಅವರಿಗೆ?" ಎಂದು ಕೇಳಿದ್ದಳು. ಅವಳು ಅಲ್ಲಿನ ದೊಡ್ಡಾಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ನರ್ಸ್. ಅವಳಿಗೆ ಮದ್ದು ಎಂದರೆ ಔಷಧವೇ.

ಆ ಕೋವಿಗೆ ಅಂಗಡಿಯಲ್ಲಿ ತೋಟೆ ಸಿಗುತ್ತಿರಲಿಲ್ಲ. ಹಿತ್ತಾಳೆಯ ಕೊಳವೆಯ ಬುಡಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ಸುರಿದು, ಮೇಲೆ ಸೀಸದ ಗುಂಡು ಒತ್ತಿ ಕೈಯಿಂದಲೇ ಮಾಡಿಕೊಳ್ಳಬೇಕು. ಹಿಂದಿನ ಕಾಲದಲ್ಲಿ ಕರಿಮದ್ದು ಕೊಳವೆಯ ತುಂಬ ತುಂಬುತ್ತಿತ್ತು. ಈಗಿನ ಹೊಗೆಯಿಲ್ಲದ ಮದ್ದು ಸ್ವಲ್ಪವೇ ಸಾಕು. ಕೋವಿಯೂ ಹಳೆಯದು, ಹಾಜಿಯ ಭುಜವೂ ಹಳೆಯದು, ಹಾಗಾಗಿ ಅವರು ಹಾಕುತ್ತಿದ್ದದ್ದು ಇನ್ನೂ ಕಡಿಮೆ. ಅಲ್ಲೇ ತೊಂದರೆ. ಅಷ್ಟು ದೊಡ್ಡ ಕೊಳವೆಯಲ್ಲಿ ಇಷ್ಟೇ ಇಷ್ಟು ಮದ್ದು ಬಿದ್ದರೆ ಮೇಲೆ ಬಹಳ ಜಾಗ ಖಾಲಿ ಉಳಿಯುತ್ತದೆ. ಕೋವಿಯ ಮೂತಿ ಕೆಳಗಾದರೆ ಮದ್ದು ಜಾರಿ ಗುಂಡಿನ ಬುಡಕ್ಕೆ ಹೋಗುತ್ತದೆ. ಕೇಪಿನ ಕಿಡಿ ಈ ತುದಿಯಲ್ಲಿ, ಮದ್ದು ಆ ತುದಿಯಲ್ಲಿ. ಒಮ್ಮೆ ತಡವಾಗಿ ಹೊತ್ತಬಹುದು, ಒಮ್ಮೆ ಅರ್ಧ ಹೊತ್ತಿ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಒಮ್ಮೆ ಒಳಗಿನ ಒತ್ತಡ ಎಲ್ಲಿಗೋ ಏರಿ ನಳಿಗೆಯೇ ಒಡೆಯಬಹುದು. ಅದಕ್ಕೇ ಖಾಲಿ ಜಾಗಕ್ಕೆ ಹಗುರವಾದದ್ದೇನಾದರೂ ತುಂಬಿ ಮದ್ದನ್ನು ಕೇಪಿನ ಬದಿಗೆ ಹಿಡಿದಿಡಬೇಕು. ಅದಕ್ಕೆ ಅವರು ಫಿಲ್ಲರ್ ಎನ್ನುತ್ತಿದ್ದರು.

"ಮೊದಲು ರವೆ ಹಾಕುತ್ತಿದ್ದೆ. ಅದಕ್ಕೂ ಭಾರವಿದೆ. ಗುಂಡಿನ ಜೊತೆ ಅದನ್ನೂ ತಳ್ಳಬೇಕಲ್ಲ, ಒತ್ತಡ ಜಾಸ್ತಿಯಾಗುತ್ತದೆ. ನಮ್ಮ ಹವೆಗೆ ಗಟ್ಟಿಯೂ ಕಟ್ಟುತ್ತದೆ. ಒಂದು ಸಲ ಕಳಚಿ ನೋಡಿದರೆ ಒಳಗೆ ಹುಳ," ಎಂದರು ಹಾಜಿ.

ಇಂಗ್ಲೆಂಡಿನಿಂದ ತರಿಸಿದ್ದ ಒಂದು ಬಗೆಯ ಹತ್ತಿ ಮುಗಿಯುತ್ತ ಬಂದಿತ್ತು. ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿದೆ. ರೇಷ್ಮೆಯ ಹಾಗೆ ಜಾರುವ, ಉಸಿರು ತಾಗಿದರೆ ಹಾರುವ ಹತ್ತಿ. ನಾನು ಹುಟ್ಟಿದಾಗಿನಿಂದ ತಲೆಯಿಟ್ಟು ಮಲಗಿದ ಬೂರುಗದ ಹತ್ತಿಯೇ ಅದು. ಊರಿನಿಂದ ತಂದ ದಿಂಬು ಮನೆಯಲ್ಲಿ ಎರಡಿದ್ದವು. ಮುಂದಿನ ಸಲ ಹೋಗುವಾಗ ಒಂದರ ಹೊಲಿಗೆ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲ ತುಂಬ ಕೊಂಡುಹೋದೆ. ಹಾಜಿ ಅದನ್ನು ಬೆಳಕಿಗೆ ಹಿಡಿದು ಬೀಜದ ಚೂರುಗಳನ್ನೆಲ್ಲ ಆರಿಸಿ ತೆಗೆದರು. ಮದ್ದಿನ ಅಳತೆಯನ್ನು ಮೊದಲಿನಿಂದ ಮತ್ತೆ ಪರೀಕ್ಷಿಸಿ ನೋಡಿದ ಮೇಲಷ್ಟೇ ಬಳಸಿದರು. ಹತ್ತಿ ಬದಲಾದರೂ ತೋಟೆ ಬದಲಾದ ಹಾಗೆಯೇ ಎಂಬುದು ಅವರ ಲೆಕ್ಕ.

ಕೆಲಸ ಹೀಗೆ ಹಂಚಿಕೊಂಡಿದ್ದೆವು. ಮದ್ದು ತೂಗಿ ಕೊಳವೆಗೆ ಸುರಿದು, ಟಾರ್ಚು ಬಿಟ್ಟು ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ಇದೆಯೇ ಎಂದು ನೋಡುವುದು ಹಾಜಿ. ಹತ್ತಿಯ ಎಸಳುಗಳನ್ನು ಕತ್ತರಿಸಿ, ತೂಗಿ, ತಟ್ಟೆಯಲ್ಲಿ ಸಾಲಾಗಿಟ್ಟು, ಒಂದೊಂದಾಗಿ ಪೆನ್ಸಿಲಿನ ಹಿಂಬದಿಯಿಂದ ಇಳಿಸುವುದು ನಾನು. ಒತ್ತಿ ಉಂಡೆ ಮಾಡಬಾರದು. ಗಟ್ಟಿ ಉಂಡೆಗೂ ಗುಂಡಿಗೂ ನಡುವೆ ಜಾಗ ಉಳಿದರೆ ಉಂಡೆ ಹಾರಿ ಗುಂಡಿನ ಬುಡಕ್ಕೆ ಹೊಡೆದು, ಅಲ್ಲಿ ನಳಿಗೆಯ ಉಕ್ಕು ಬಳೆಯಂತೆ ಉಬ್ಬುತ್ತದೆ. ಸಡಿಲವಾಗಿ, ಮದ್ದಿನ ಮೇಲಿನಿಂದ ಗುಂಡಿನ ಬುಡದವರೆಗೂ ತುಂಬಬೇಕು. ಆಮೇಲೆ ಹಾಜಿ ಗುಂಡು ಕೂರಿಸುತ್ತಿದ್ದರು. ಇಪ್ಪತ್ತು ತೋಟೆಗೆ ಇಪ್ಪತ್ತೇ ಎಸಳು. ಕೊನೆಗೆ ತಟ್ಟೆ ಖಾಲಿ ಆಯಿತೆಂದರೆ ಲೆಕ್ಕ ಸರಿ.

ಆ ವರ್ಷ ನನ್ನ ವೀಸಾ ಮುಗಿಯುವುದಕ್ಕೆ ಆರು ವಾರ ಉಳಿದಿತ್ತು. ವರ್ಕ್‌ಶಾಪಿನ ಬಹರೈನಿ ಪಾಲುದಾರರು ಬೇರೆಯಾಗುತ್ತಿದ್ದರು. ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಕಳಿಸುತ್ತಾರೆ ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೆಂಡತಿಯ ಕೆಲಸ ಭದ್ರವಾಗಿತ್ತು. ನಾನು ಹೋಗಬೇಕಾಗಿ ಬಂದರೆ ಅವಳು ಒಬ್ಬಳೇ ಇರಬೇಕು, ಇಲ್ಲವೇ ಇಬ್ಬರೂ ಹೋಗಬೇಕು. ಈ ಮಾತನ್ನು ನಾವಿಬ್ಬರೂ ಆಡದೆ ತಪ್ಪಿಸಿಕೊಂಡು ತಿರುಗುತ್ತಿದ್ದೆವು. ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ನಡುವೆ ಎದ್ದು ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಿ ಬರುತ್ತಿದ್ದೆ. ಕಾರಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ, ಮತ್ತೆ ಇಳಿದು ಹೋಗಿ ಬಾಗಿಲೆಳೆದು ನೋಡುತ್ತಿದ್ದೆ.

ಅಂಥ ಒಂದು ಬುಧವಾರ ಸಂಜೆ ಹಾಜಿಯ ಕೋಣೆಯಲ್ಲಿ ಹತ್ತಿ ಇಳಿಸುತ್ತ ಕುಳಿತಿದ್ದೆ. ಅರ್ಧ ಕೆಲಸ ಆಗಿರಬೇಕು, ಅವರ ಸೊಸೆ ಬಾಗಿಲಲ್ಲಿ ನಿಂತು ನನಗೆ ಫೋನು ಇದೆ ಎಂದಳು. ವರ್ಕ್‌ಶಾಪಿನ ಫೋರ್‌ಮನ್. ಶನಿವಾರ ಬರುವಾಗ ಪಾಸ್‌ಪೋರ್ಟಿನ ಫೋಟೊಕಾಪಿ ತಾ ಎಂದ. ಯಾಕೆ ಎಂದು ಕೇಳಿದ್ದಕ್ಕೆ, "ನನಗೂ ಗೊತ್ತಿಲ್ಲ, ಭಾಯಿ" ಎಂದು ಇಟ್ಟುಬಿಟ್ಟ. ಫೋಟೊಕಾಪಿ ಹೊಸ ವೀಸಾಕ್ಕೂ ಬೇಕು, ಕಳಿಸುವುದಕ್ಕೂ ಬೇಕು. ತಿರುಗಿ ಬಂದು ಕುಳಿತು ಉಳಿದದ್ದನ್ನು ಇಳಿಸಿದೆ. ತಟ್ಟೆ ಖಾಲಿಯಾಯಿತು. ಇಪ್ಪತ್ತು ತೋಟೆ ಡಬ್ಬಿಗೆ ಹೋದವು. ಶುಕ್ರವಾರ ಬೆಳಿಗ್ಗೆ ಬಯಲಿಗೆ ಬರುತ್ತೀಯಲ್ಲ ಎಂದು ಹಾಜಿ ಕೇಳಿದರು. ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿದೆ.

ಶುಕ್ರವಾರ ಹೆಂಡತಿಗೂ ರಜೆ. ಏಳೂವರೆಯ ಹೊತ್ತಿಗೆ ವಾಶಿಂಗ್ ಮೆಶಿನಿಗೆ ಬಟ್ಟೆ ಹಾಕುವ ಮೊದಲು ಕಿಸೆಗಳನ್ನು ತಡಕುತ್ತಿದ್ದಳು.

"ಇದೆಂತ ನಿಮ್ಮ ಅಂಗಿಯಲ್ಲಿ ಹತ್ತಿ?"

ಅವಳ ಎರಡು ಬೆರಳ ನಡುವೆ ಅಳತೆಯ ಎಸಳು. ನೋಡಿದ ಕೂಡಲೇ ಗೊತ್ತಾಯಿತು. ಫೋನಿಗೆ ಎದ್ದಾಗ ಕೈಯಲ್ಲಿದ್ದ ಎಸಳು ಏಸಿಯ ಗಾಳಿಗೆ ಹಾರದಿರಲೆಂದು ಕಿಸೆಗೆ ಹಾಕಿಕೊಂಡಿದ್ದೆ.

"ಅದೊಂದು ಜಾಸ್ತಿ ಕತ್ತರಿಸಿದ್ದಿರಬೇಕು," ಎಂದೆ.

"ಇರಬೇಕು ಅಂದ್ರೆ? ಎಷ್ಟು ಕತ್ತರಿಸಿದ್ದು ನೀವು?"

"ಇಪ್ಪತ್ತು. ಇಪ್ಪತ್ತೊಂದೂ ಇರಬಹುದು."

"ಎಣಿಸಿದ್ದೀರಾ, ಇಲ್ವಾ?"

ಎಣಿಸಿದ ನೆನಪು ಬರಲಿಲ್ಲ. ತಟ್ಟೆ ಖಾಲಿಯಾದದ್ದು ಮಾತ್ರ ನೆನಪಿತ್ತು. ಇಪ್ಪತ್ತೊಂದು ಕತ್ತರಿಸಿದ್ದರೆ ಎಲ್ಲ ಸರಿ. ಇಪ್ಪತ್ತೇ ಕತ್ತರಿಸಿದ್ದರೆ ಯಾವುದೋ ಒಂದು ತೋಟೆಯಲ್ಲಿ ಹತ್ತಿ ಇಲ್ಲ. ಒಂದು ತೋಟೆಯಲ್ಲಿ ಹತ್ತಿಯಿಲ್ಲದಿದ್ದರೆ ಏನಾದೀತು ಎಂದು ಅವಳು ಕೇಳಿದಳು. ಹೆಚ್ಚಿನ ಸಲ ಏನೂ ಆಗುವುದಿಲ್ಲ ಎಂದೆ. ಅದು ನಿಜವೂ ಹೌದು.

ಅವಳು ಮೆಶಿನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದಳು. "ನಮ್ಮಲ್ಲಿ ರಕ್ತ ಒರೆಸಿದ ಒಂದು ತುಂಡು ಗಾಜ್‌ಬಟ್ಟೆಯ ಲೆಕ್ಕ ಸಿಗದಿದ್ರೆ ಹೊಟ್ಟೆ ಹೊಲಿಯುವ ಹಾಗಿಲ್ಲ. ಎಷ್ಟು ದೊಡ್ಡ ಸರ್ಜನ್ ಆದ್ರೂ ನಿಲ್ಬೇಕು. ಹೆಚ್ಚಿನ ಸಲ ಅದು ಬಕೆಟ್ಟಿನಲ್ಲೇ ಸಿಗ್ತದೆ. ಆದ್ರೂ ನಿಲ್ಬೇಕು. ನೀವೀಗ ಫೋನ್ ಮಾಡಿ."

ಫೋನೆತ್ತಿದ ಹಾಜಿಯ ಸೊಸೆ, ಮಾವ ಹೊರಟು ಅರ್ಧ ಗಂಟೆಯಾಯಿತು ಎಂದಳು. ಕಾರಿನ ಕೀಲಿ ಎತ್ತಿಕೊಂಡೆ. ಹೆಂಡತಿ ಹತ್ತಿಯ ಎಸಳನ್ನು ಕಾಗದದಲ್ಲಿ ಮಡಚಿ ಕೈಗೆ ಕೊಟ್ಟಳು. "ತೋರಿಸ್ಲಿಕ್ಕೆ ಬೇಕಾಗ್ತದೆ. ಬಾಯಿಮಾತಿನಲ್ಲಿ ಹೇಳಿದ್ರೆ ಆ ಅಜ್ಜ ನಿಲ್ಸಲಿಕ್ಕಿಲ್ಲ."

ಶುಕ್ರವಾರದ ರಸ್ತೆ ಖಾಲಿ. ದಾರಿಯುದ್ದಕ್ಕೂ ಬುಧವಾರದ ಸಂಜೆಯನ್ನು ತಿರುವಿ ಹಾಕಿದೆ. ಫೋನಿಗೆ ಎದ್ದಾಗ ಎಡಗೈಯಲ್ಲಿ ಕೊಳವೆ ಇತ್ತೇ? ಇದ್ದರೆ ಅದನ್ನೆಲ್ಲಿ ಇಟ್ಟೆ? ಎಷ್ಟು ಸಲ ನೆನೆದರೂ ಕೈಯೊಂದು ಕಾಣುತ್ತಿತ್ತು, ಕೈಯಲ್ಲಿದ್ದದ್ದು ಕಾಣುತ್ತಿರಲಿಲ್ಲ. ಒಂದು ರೌಂಡ್‌ಬೌಟಿನಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದೆ. ಏನೂ ಆಗದಿದ್ದರೆ ಗಾಬರಿಯ ಮನುಷ್ಯ ಎನಿಸಿಕೊಳ್ಳುತ್ತೇನೆ, ಇನ್ನು ಅವರು ಕರೆಯಲಾರರು ಎಂಬ ನಾಚಿಕೆಯೂ ಮಧ್ಯೆ ಬಂದುಹೋಯಿತು.

ಬಯಲಿನ ಗೇಟಿನಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಹೊಡೆಯುತ್ತಿರುವಾಗ ಯಾರನ್ನೂ ಒಳಗೆ ಬಿಡುವಂತಿಲ್ಲ. ಕಾವಲಿನ ಬಲೂಚಿ ಪೊಲೀಸನಿಗೆ ಹಿಂದಿಯಲ್ಲಿ ಹೇಳುತ್ತಿರುವಾಗಲೇ ದೂರದಲ್ಲಿ ಆ ದೊಡ್ಡ ಕೋವಿಯ ದನಿ ಕೇಳಿತು. ಬಾಗಿಲು ಬಡಿದಂಥ, ಎದೆಗೆ ಬಂದು ತಾಗುವ ದನಿ. ಸಣ್ಣ ಕೋವಿಗಳಂತೆ ಅದು ಚಟ್ಟನೆ ಸಿಡಿಯುವುದಿಲ್ಲ.

"ಎಷ್ಟು ಹೊಡೆದರು?" ಎಂದು ಕೇಳಿದೆ.

"ನಾನು ಎಣಿಸುತ್ತಾ ಕೂರುತ್ತೇನಾ?" ಎಂದ ಪೊಲೀಸ. ಆಮೇಲೆ ನನ್ನ ಮುಖ ನೋಡಿ, "ಐದೋ ಆರೋ," ಎಂದ.

"ತೋಟೆಯಲ್ಲಿ ದೋಷ ಇರಬಹುದು. ಮಾಡಿದ್ದು ನಾನು. ಅವರನ್ನು ನಿಲ್ಲಿಸಬೇಕು."

ಅವನು ವಯರ್‌ಲೆಸ್ ಎತ್ತಿಕೊಂಡ. ಆ ಕಡೆಯಿಂದ ಉತ್ತರ ಬರುವ ಮೊದಲು ಇನ್ನೊಂದು ಗುಂಡಿನ ದನಿ ಕೇಳಿಬಿಡುತ್ತದೆಂದು ಹಲ್ಲು ಕಚ್ಚಿ ನಿಂತಿದ್ದೆ. ಕೇಳಲಿಲ್ಲ. ಬಾವುಟ ಇಳಿಯಿತು.

ತಗಡಿನ ಚಪ್ಪರದಡಿ ಹಾಜಿ ಮೇಜಿನ ಮುಂದೆ ಕುಳಿತಿದ್ದರು. ತೋಟೆ ತುಂಬಲು ಕೋವಿಯನ್ನು ನಡುವೆ ಮಡಚಿ ತೆರೆದಿದ್ದರು. ಒಂದು ನಳಿಗೆಯಲ್ಲಿ ಹೊಸ ತೋಟೆ ಇಟ್ಟಾಗಿತ್ತು. ನಾನು ಕಾಗದ ಬಿಡಿಸಿ ಎಸಳನ್ನು ತೋರಿಸಿದೆ.

ಅವರು ತೋಟೆಯನ್ನು ಹೊರಗೆಳೆದು ಮೇಜಿನ ಮೇಲೆ ನಿಲ್ಲಿಸಿದರು.

"ಎಲ್ಲಿತ್ತು?"

"ನನ್ನ ಕಿಸೆಯಲ್ಲಿ. ಫೋನಿಗೆ ಹೋದಾಗ ಹಾಕಿಕೊಂಡದ್ದು. ಒಂದು ತೋಟೆ ಹತ್ತಿಯಿಲ್ಲದೆ ಹೋಗಿರಬಹುದು, ಹಾಜಿ. ಹೋಗದೆಯೂ ಇರಬಹುದು. ನಾನು ಎಣಿಸಲಿಲ್ಲ."

ಬೈಯುತ್ತಾರೆಂದು ಕಾದೆ. ಅವರು ನಳಿಗೆಯ ಒಳಗೆ ಟಾರ್ಚು ಬಿಟ್ಟು ಎರಡನ್ನೂ ನೋಡಿದರು. ಹೊರಮೈಗೆ ಬೆರಳು ಹಚ್ಚಿ ಉದ್ದಕ್ಕೂ ಎಳೆದರು. ಉಬ್ಬು ಎಲ್ಲೂ ಇರಲಿಲ್ಲ. ಡಬ್ಬಿ ಮುಚ್ಚಿ, "ಮನೆಗೆ ಹೋಗೋಣ" ಎಂದಷ್ಟೇ ಹೇಳಿದರು. ಹಾರಿಸಿದ್ದು ಆರು, ಉಳಿದದ್ದು ಹದಿನಾಲ್ಕು.

ಹಮದ್ ಟೌನಿನ ಕೋಣೆಗೆ ಬಂದ ಕೂಡಲೇ ನಾನು ತ್ರಾಸಿನ ಮುಂದೆ ಕುಳಿತೆ. ತೂಕ ನೋಡುವುದೇ ನನ್ನ ಕಸುಬಲ್ಲವೇ. ಹತ್ತಿಯಿಲ್ಲದ ತೋಟೆ ಅಷ್ಟರಮಟ್ಟಿಗೆ ಹಗುರವಿರಬೇಕು. ಒಂದೊಂದನ್ನೂ ತೂಗಿ ಬರೆದೆ. ಒಂದಕ್ಕೊಂದು ಹೊಂದಲೇ ಇಲ್ಲ. ಸೀಸದ ಗುಂಡುಗಳಲ್ಲೇ ಎಸಳಿಗಿಂತ ಹೆಚ್ಚಿನ ವ್ಯತ್ಯಾಸ ಇತ್ತು. ಹಿತ್ತಾಳೆಯ ಕೊಳವೆಗಳಲ್ಲೂ ಇತ್ತು. ಅಷ್ಟು ಭಾರದ ನಡುವೆ ಆ ಒಂದು ಚಿಟಿಕೆ ಹತ್ತಿ ಎಲ್ಲೋ ಮುಳುಗಿಹೋಗಿತ್ತು. ಮತ್ತೆ ಮೊದಲಿನಿಂದ ತೂಗಲು ಹೊರಟಾಗ ಹಾಜಿ ನನ್ನ ಕೈ ಹಿಡಿದರು.

"ಸಾಕು. ಕಳಚೋಣ."

ಗುಂಡು ಕಳಚುವ ಪ್ಲಾಸ್ಟಿಕ್ ಸುತ್ತಿಗೆಯೊಂದು ಅವರ ಬಳಿ ಇತ್ತು. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಹೊಡೆದರೆ ಗುಂಡು ಸಡಿಲಾಗಿ ಹೊರಬರುತ್ತದೆ. ನಾನು ಹೊಡೆಯುವುದು, ಅವರು ಒಳಗಿನದನ್ನು ಬಟ್ಟಲಿಗೆ ಸುರಿದು ಹತ್ತಿಯನ್ನು ಬಿಳಿ ಬಟ್ಟೆಯ ಮೇಲೆ ಇಡುವುದು. ಒಂದರಲ್ಲಿ ಹತ್ತಿ ಇತ್ತು. ಎರಡರಲ್ಲಿ ಇತ್ತು. ಹತ್ತು ದಾಟುತ್ತ ಬಂದ ಹಾಗೆ ಪ್ರತಿ ಹೊಡೆತಕ್ಕೂ ಮೊದಲು ಉಳಿದವನ್ನು ಎಣಿಸತೊಡಗಿದೆ. ಈ ಡಬ್ಬಿಯಲ್ಲೇ ಅದು ಸಿಗಲಿ, ಹಾರದೆ ಉಳಿದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹದಿನಾಲ್ಕನೆಯದನ್ನು ಹಾಜಿ ತಾವೇ ಹೊಡೆದರು. ಅದರಲ್ಲೂ ಹತ್ತಿ ಇತ್ತು.

ಹಾಗಾದರೆ ನಾನು ಇಪ್ಪತ್ತೊಂದು ಕತ್ತರಿಸಿದ್ದೆ. ಅಥವಾ ಹಾರಿದ ಆರರಲ್ಲಿ ಒಂದು ಬರಿದಾಗಿತ್ತು. ಯಾವುದೆಂದು ತಿಳಿಯುವ ದಾರಿ ಇನ್ನು ಉಳಿದಿರಲಿಲ್ಲ.

ಸೊಸೆ ತಂದಿಟ್ಟ ಅರಬ್ಬಿ ಕಾಫಿ, ಖಾವಾ, ಆರುತ್ತಿತ್ತು. ಹಾಜಿ ಹಿಡಿಯಿಲ್ಲದ ಪುಟ್ಟ ಬಟ್ಟಲು ಫಿಂಜಾನನ್ನು ಕೈಯಲ್ಲಿ ಹಿಡಿದು ಕುಡಿಯದೆ ಕುಳಿತಿದ್ದರು.

"ನಾಲ್ಕನೆಯದು," ಎಂದರು. "ಅದಕ್ಕೆ ಮೊದಲು ಒಳಗಿನ ಪೊಲೀಸ ಏನೋ ಕೇಳಲು ಬಂದ. ಕೋವಿಯ ಮೂತಿ ನೆಲಕ್ಕೆ ಮಾಡಿ ಅವನ ಜೊತೆ ಮಾತಾಡಿದೆ. ಮತ್ತೆ ಎತ್ತಿ ಹೊಡೆದಾಗ ಒಂದು ಗಳಿಗೆ ತಡವಾಯಿತು. ಟಕ್ ಎಂದ ಮೇಲೆ ಧಡ್ ಎಂದಿತು. ಎರಡು ಬೇರೆ ಬೇರೆ ಕೇಳಿಸಿತು ನನಗೆ."

"ಆಮೇಲೂ ಎರಡು ಹೊಡೆದಿರಿ," ಎಂದೆ.

"ಹೊಡೆದೆ. ನನ್ನ ಬೆರಳು ಮುದಿಯಾಗಿದೆ, ಅದೇ ತಡ ಮಾಡಿತು ಎಂದುಕೊಂಡೆ. ತಿಳಿದವನು ಅಲ್ಲೇ ನಿಲ್ಲಿಸಬೇಕು. ನಲವತ್ತು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ." ಅವರು ಫಿಂಜಾನನ್ನು ಕೆಳಗಿಟ್ಟರು. "ಇನ್ನೊಂದು ಹೇಳುತ್ತೇನೆ. ಬುಧವಾರ ನೀನು ಫೋನಿಗೆ ಹೋದಾಗ ಸುಮ್ಮನೆ ಕೂರಲಾಗದೆ ಎರಡು ಕೊಳವೆಗೆ ಗುಂಡು ಕೂರಿಸಿದೆ. ಮೇಜಿನ ನಿನ್ನ ಬದಿಯಿಂದ ತೆಗೆದುಕೊಂಡೆ. ಒಳಗೆ ನೋಡಲಿಲ್ಲ."

ಕಳಚಿದ ಮದ್ದನ್ನು ಅವರು ಹಿತ್ತಲಿನ ಬರಿನೆಲದಲ್ಲಿ ತೆಳ್ಳಗೆ ಗೆರೆಯಂತೆ ಎಳೆದು, ದೂರದಿಂದ ಬೆಂಕಿ ತೋರಿಸಿ ಸುಟ್ಟರು. ಹತ್ತಿಯ ಚೂರು ಬೆರೆತ ಮದ್ದನ್ನು ಮತ್ತೆ ಬಳಸಬಾರದು ಎಂದರು. ಅದು ಸುಸ್ಸೆಂದು ಉರಿದುಹೋಯಿತು.

ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಸಿಕ್ಕಿತಾ?" ಎಂದು ಕೇಳಿದಳು. ಇಲ್ಲ ಎಂದೆ. "ಸಿಗದಿದ್ರೆ ನಮಗೆ ರಾತ್ರಿಯಿಡೀ ನಿದ್ರೆ ಬರುವುದಿಲ್ಲ," ಎಂದು ಅನ್ನ ಬಡಿಸಿದಳು. ಅವತ್ತು ಮೊದಲ ಸಲ, ವೀಸಾ ಆಗದಿದ್ದರೆ ಏನು ಮಾಡುವುದೆಂದು ನಾನೇ ಮಾತು ತೆಗೆದೆ. ಅವಳಿಗೂ ಅದೇ ಬೇಕಿತ್ತೆಂದು ಕಾಣುತ್ತದೆ. ತಾನು ಇನ್ನೆರಡು ವರ್ಷ ಇಲ್ಲೇ ಇರುತ್ತೇನೆ, ನೀವು ಬೇಕಾದರೆ ಮಂಗಳೂರಿನಲ್ಲಿ ಕೆಲಸ ಹುಡುಕಿ ಎಂದು ನಿರ್ಧಾರ ಮಾಡಿದವಳಂತೆ ಹೇಳಿದಳು. ನನಗೆ ನೋವಾಯಿತು. ಆದರೆ ಗೊತ್ತಾದದ್ದು ಒಳ್ಳೆಯದೇ ಆಯಿತು.

ಎರಡು ತಿಂಗಳು ಹಾಜಿಯ ಮನೆ ಕಡೆ ಹೋಗಲಿಲ್ಲ. ಅಷ್ಟರಲ್ಲಿ ಪಾಲುದಾರರಲ್ಲಿ ಒಬ್ಬರು ನನ್ನನ್ನು ತಮ್ಮ ಕಡೆ ಇಟ್ಟುಕೊಂಡರು, ವೀಸಾ ಆಯಿತು. ಚಡಪಡಿಕೆ ಮಾತ್ರ ಹೋಗಲಿಲ್ಲ. ಚಿನ್ನದಂಗಡಿಯ ತ್ರಾಸುಗಳನ್ನು ಎರಡೆರಡು ಸಲ ಬಿಚ್ಚುತ್ತಿದ್ದೆ. ಕೊನೆಗೆ ಒಂದು ದಿನ ಹಾಜಿಯೇ ವರ್ಕ್‌ಶಾಪಿಗೆ ಬಂದು, "ನಿನ್ನ ಹತ್ತಿ ಅಲ್ಲೇ ಇದೆ. ಕೆಲಸ ನಿಂತಿದೆ," ಎಂದರು.

ಹೋದೆ. ಕೋಣೆಯ ಕ್ರಮ ಬದಲಾಗಿತ್ತು. ಇಪ್ಪತ್ತು ಗುಳಿ ಕೊರೆಸಿದ ಒಂದು ಮರದ ಹಲಗೆ ಬಂದಿತ್ತು. ಹತ್ತಿ ಇಳಿಸಿದ ಕೊಳವೆಗಳೆಲ್ಲ ಅದರಲ್ಲಿ ಬಾಯಿ ಮೇಲಾಗಿ ನಿಲ್ಲಬೇಕು. ಇಬ್ಬರೂ ಒಂದೊಂದನ್ನೂ ಬೆರಳಿಟ್ಟು ಗಟ್ಟಿಯಾಗಿ ಎಣಿಸಬೇಕು, ಅವರು ಅರಬ್ಬಿಯಲ್ಲಿ, ನಾನು ತುಳುವಿನಲ್ಲಿ. ಆಮೇಲಷ್ಟೇ ಗುಂಡು. ನಡುವೆ ಯಾರಾದರೂ ಎದ್ದು ಹೋದರೆ ಎಲ್ಲವನ್ನೂ ಖಾಲಿ ಮಾಡಿ ಮೊದಲಿನಿಂದ ಶುರು. ಆ ದಿನ ಸೊಸೆ ಕರೆದಳೆಂದು ಹಾಜಿಯೇ ಎದ್ದು ಹೋದರು. ಬಂದು ನೋಡಿದಾಗ ನಾನು ಕೊಳವೆಗಳನ್ನು ಒಂದೊಂದಾಗಿ ಬಟ್ಟಲಿಗೆ ಸುರಿಯುತ್ತಿದ್ದೆ. ಅವರು ಎದುರು ಕುಳಿತು ಮತ್ತೆ ತ್ರಾಸನ್ನು ಹತ್ತಿರ ಎಳೆದುಕೊಂಡರು.

ಆ ಶುಕ್ರವಾರ ಬಯಲಿನಲ್ಲಿ ಅವರು ಕೋವಿಗೆ ತೋಟೆ ಹಾಕಿ ನನ್ನ ಕೈಗೆ ಕೊಟ್ಟರು. "ಮೊದಲನೆಯದನ್ನು ನೀನು ಹೊಡಿ."

"ನಾನು ಯಾವತ್ತೂ ಹೊಡೆದವನಲ್ಲ, ಹಾಜಿ."

"ಗೊತ್ತು. ಅದಕ್ಕೇ ಹೇಳಿದ್ದು. ಮಾಡುವವನಿಗೆ ಅದು ಭುಜದಲ್ಲಿ ಗೊತ್ತಿರಬೇಕು."

ಕೋವಿ ಊಹಿಸಿದ್ದಕ್ಕಿಂತ ಭಾರವಿತ್ತು. ಮರದ ಹಿಡಿ ಕೆನ್ನೆಗೆ ಬೆಚ್ಚಗೆ ತಾಗಿತು. ದೂರದ ಕಾಗದದ ವೃತ್ತ ಬಿಸಿಲಿನಲ್ಲಿ ನಡುಗುತ್ತಿತ್ತು. ಒಳಗೆ ಮದ್ದು, ಮದ್ದಿನ ಮೇಲೆ ಹತ್ತಿ, ಹತ್ತಿಯ ಮೇಲೆ ಗುಂಡು ಎಂದು ಮನಸ್ಸಿನಲ್ಲೇ ಕೊಳವೆಯ ಒಳಕ್ಕೆ ಇಳಿದು ನೋಡಿದೆ. ಬೆರಳು ಟ್ರಿಗರ್ ಎಳೆಯಿತು. ಟಕ್ ಎನ್ನುವುದೂ ಧಡ್ ಎನ್ನುವುದೂ ಒಟ್ಟಿಗೇ ಬಂತು. ಭುಜವನ್ನು ಯಾರೋ ಹಿಂದಕ್ಕೆ ತಳ್ಳಿದಂತಾಯಿತು. ಕೋವಿಯನ್ನು ಮಡಚಿ ತೆರೆದು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡಿದೆ. ಕಂಡಿತು. ಗುಂಡು ಕಾಗದದ ಅಂಚನ್ನೂ ಮುಟ್ಟಿರಲಿಲ್ಲ.

"ಇನ್ನೊಂದು?" ಎಂದು ಹಾಜಿ ಕೇಳಿದರು. ನಾನು ತೋಟೆಗೆ ಕೈ ಚಾಚಿದೆ.